ಎ ಫಾರ್ ಅಬ್ಬಾಸ್

ಮನೆ ಬದಲಿಸುವಾಗ ಕಪಾಟಿನ ಮೇಲಿನಿಂದ ಏನೇನು ಬೀಳುತ್ತದೆಂದು ಮೊದಲೇ ಹೇಳಲಾಗುವುದಿಲ್ಲ. ಮೊನ್ನೆ ನಮ್ಮಲ್ಲಿ ಬಿದ್ದದ್ದು ಪೆಟ್ಟಿಗೆ ತೂಗುವ ಕೈತಕ್ಕಡಿ. ಅಂಗೈಯಷ್ಟು ದೊಡ್ಡದು. ಕೆಳಗೆ ಕೊಕ್ಕೆ, ಮೇಲೆ ಅಂಕಿ ತೋರಿಸುವ ಪುಟ್ಟ ಕಿಟಕಿ. ಗಲ್ಫಿನಲ್ಲಿರುವ ನಮ್ಮವರ ಮನೆಗಳಲ್ಲಿ ಕನ್ನಡಿ ಇಲ್ಲದಿರಬಹುದು, ಇದು ಇಲ್ಲದಿರುವುದಿಲ್ಲ. ಊರಿಗೆ ಹೋಗುವ ದಿನ ಗಂಡಸೊಬ್ಬ ಇದರ ಕೊಕ್ಕೆಗೆ ಸೂಟ್‌ಕೇಸ್ ಸಿಕ್ಕಿಸಿ, ಉಸಿರು ಬಿಗಿಹಿಡಿದು ಎತ್ತಿ, ಹೆಂಡತಿ ಅಂಕಿ ಓದುವ ಮೊದಲೇ ಕೆಳಗಿಳಿಸಿ, ಆಮೇಲೆ ಇಬ್ಬರೂ ಜಗಳವಾಡುವುದು ಇಲ್ಲಿನ ಪದ್ಧತಿ.

ನಮ್ಮ ತಕ್ಕಡಿಯ ಕೊಕ್ಕೆಗೆ ಒಂದು ಹಸಿರು ರಿಬ್ಬನ್ನಿನ ತುಂಡು ಕಟ್ಟಿತ್ತು.

"ಇದು ನಮ್ಮದಾ?" ಎಂದು ಹೆಂಡತಿ ಶೈಲಾಳನ್ನು ಕೇಳಿದೆ.

"ತಕ್ಕಡಿ ನಮ್ಮದು. ರಿಬ್ಬನ್ ನಮ್ಮದಲ್ಲ" ಎಂದಳು, ತಟ್ಟೆಗಳಿಗೆ ಹಳೆ ಪೇಪರ್ ಸುತ್ತುತ್ತಾ. ಅವಳಿಗೆ ಇಂಥ ವಿಷಯಗಳಲ್ಲಿ ಸಂಶಯವೇ ಇರುವುದಿಲ್ಲ. ನನಗೆ ಬೇರೇನೂ ಇರುವುದಿಲ್ಲ.

ದಹ್ರಾನಿನ ಒಂದು ಕಾರ್ಯಾಗಾರದಲ್ಲಿ ಮಾಪಕಗಳು ಸುಳ್ಳು ಹೇಳುತ್ತಿವೆಯೇ ಎಂದು ಪರೀಕ್ಷಿಸುವುದು ನನ್ನ ಉದ್ಯೋಗ. ಭೌತಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ ಹೊಟ್ಟೆಪಾಡಿಗೆ ಸಂಶಯ ಹಿಡಿದವನು ನಾನು. ಈ ತಕ್ಕಡಿಯನ್ನು ತಂದ ದಿನವೇ ಐದು ಕೆಜಿಯ ಅಕ್ಕಿ ಚೀಲವನ್ನು ಕೊಕ್ಕೆಗೆ ಹಾಕಿ ನೋಡಿದ್ದೆ. ಐದಕ್ಕಿಂತ ತುಸು ಹೆಚ್ಚು ತೋರಿಸಿತು. ತಕ್ಕಡಿ ಸುಳ್ಳೋ ಅಕ್ಕಿಯ ಅಂಗಡಿಯವನು ಧಾರಾಳಿಯೋ? ಅಂಗಡಿಯವರು ಧಾರಾಳಿಗಳೆಂದು ನಾನು ಎಲ್ಲೂ ಓದಿಲ್ಲವಾದ್ದರಿಂದ ತಕ್ಕಡಿಯನ್ನೇ ಸಂಶಯಿಸಿದೆ. ಆದರೆ ಬರಬರುತ್ತಾ ನನಗೆ ಈ ಎರಡಕ್ಕಿಂತ ಹೆಚ್ಚು ಸಂಶಯ ಬಂದಿರುವುದು ನನ್ನ ನೆನಪಿನ ಮೇಲೆ. ಅದಕ್ಕೆ ಕಾರಣ ಈ ರಿಬ್ಬನ್ನಿನ ಯಜಮಾನ. ಅವರನ್ನು ಅಬ್ಬಾಸಾಕ ಎಂದು ಕರೆಯೋಣ, ಕೊನೆಯ 'ಆಕ' ಮರ್ಯಾದೆಗೆ. ಬಂಟ್ವಾಳದ ಕಡೆಯ ಬ್ಯಾರಿ ಮುಸ್ಲಿಮರು, ದಹ್ರಾನಿನ ಪಕ್ಕದ ಖೋಬರಿನಲ್ಲಿ ನಮ್ಮ ಕಟ್ಟಡದಲ್ಲೇ ಮೇಲಿನ ಮಹಡಿಯಲ್ಲಿರುವವರು, ಏಸಿ ಬಿಡಿಭಾಗಗಳ ಅಂಗಡಿಯಲ್ಲಿ ಸೇಲ್ಸ್‌ಮನ್. ವಿಮಾನ ನಿಲ್ದಾಣದ ಬೆಲ್ಟಿನಲ್ಲಿ ಗುರುತು ಸಿಗಲೆಂದು ತಮ್ಮ ಪೆಟ್ಟಿಗೆಗಳಿಗೆಲ್ಲ ಹಸಿರು ರಿಬ್ಬನ್ ಕಟ್ಟುವುದು ಅವರ ಅಭ್ಯಾಸ. ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿರುವುದರಿಂದ ಅವರ ಬೈಗುಳದ ರುಚಿ ಅರ್ಧ ಹೋಗಿದೆ ಎಂದು ತಿಳಿಯಬೇಕು.

ಊರಿಗೆ ಹೋಗುವವರ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗುವ ಹಾಗಿಲ್ಲ.

ಇಲ್ಲಿ ಯಾರಾದರೂ ಊರಿಗೆ ಹೊರಟರೆಂದು ತಿಳಿದರೆ ಸಾಕು, ಗೊತ್ತಿದ್ದವರೆಲ್ಲ ಒಂದೊಂದು ಪೊಟ್ಟಣ ತಂದು ಕೊಡುತ್ತಾರೆ. ಚಿಕ್ಕಮ್ಮನಿಗೆ ಮಂಡಿನೋವಿನ ಎಣ್ಣೆ, ಭಾವನಿಗೆ ಅತ್ತರು, ತಂಗಿಯ ಮಗಳಿಗೆ ಗೊಂಬೆ. "ಸಣ್ಣದು ಮಾರಾಯ, ಭಾರವೇ ಇಲ್ಲ" ಎನ್ನುತ್ತಲೇ ಕೊಡುವುದು. ಬರುವಾಗ ಅದೇ ಜನರ ಮನೆಗಳಿಂದ ಉಪ್ಪಿನಕಾಯಿ, ಹಪ್ಪಳ, ಕಷಾಯದ ಪುಡಿ. ಹಾಗಾಗಿ ಊರಿಗೆ ಹೋಗುವವನು ಮಾಡುವ ಮೊದಲ ಕೆಲಸವೆಂದರೆ ಹೋಗುವ ವಿಷಯವನ್ನು ಮುಚ್ಚಿಡುವುದು. "ಊರಿಗೆ ಯಾವಾಗ?" ಎಂದು ಕೇಳಿದರೆ "ನೋಡ್ಬೇಕು" ಎನ್ನುತ್ತಾನೆ. ನೋಡಬೇಕು ಎಂದವನು ಟಿಕೆಟ್ ತೆಗೆದಾಗಿದೆ ಎಂದೇ ಅರ್ಥ. ನಿಜವಾಗಿ ಟಿಕೆಟ್ ತೆಗೆಯದವನು ತಾರೀಕು ಸಹಿತ ಹೇಳುತ್ತಾನೆ. ಆದರೂ ಗುಟ್ಟು ನಿಲ್ಲುವುದಿಲ್ಲ. ಕೂದಲು ಕತ್ತರಿಸಿ ಬಣ್ಣ ಹಚ್ಚಿದವನನ್ನು, ಬಾದಾಮಿಯನ್ನು ಕೆಜಿಗಟ್ಟಲೆ ಕೊಂಡವನನ್ನು, ಕೆಳಗಿನ ಕಿರಾಣಿ ಅಂಗಡಿಯಿಂದ ಖಾಲಿ ರಟ್ಟಿನ ಪೆಟ್ಟಿಗೆ ಹೊತ್ತು ಲಿಫ್ಟಿನೊಳಗೆ ಮುಖ ತಿರುಗಿಸಿ ನಿಂತವನನ್ನು ನಮ್ಮವರು ತಕ್ಷಣ ಹಿಡಿಯುತ್ತಾರೆ.

ಹೊರುವವನಿಗೂ ಒಂದು ಹಕ್ಕುಂಟು. ಅಂಟು ಹಾಕಿದ ಪೊಟ್ಟಣವನ್ನು ಅವನು ಮುಟ್ಟುವುದಿಲ್ಲ. ಅವನ ಕಣ್ಣೆದುರೇ ತುಂಬಿ, ಅವನ ಕಣ್ಣೆದುರೇ ಕಟ್ಟಬೇಕು. ಅಣ್ಣ ತಮ್ಮಂದಿರಲ್ಲೂ ಇದಕ್ಕೆ ರಿಯಾಯಿತಿ ಇಲ್ಲ, ಯಾರೂ ಬೇಜಾರು ಮಾಡಿಕೊಳ್ಳುವುದೂ ಇಲ್ಲ.

ನಾನು ಸಣ್ಣವನಿದ್ದಾಗ ಹೀಗಿರಲಿಲ್ಲ. ಕಾಪುವಿನ ನಮ್ಮ ಮನೆಯೆದುರು ಬಸ್ಸು ನಿಲ್ಲಿಸಿ ಅಮ್ಮ ಕಂಡಕ್ಟರನ ಕೈಗೆ ಒಂದು ಬಟ್ಟೆಯ ಗಂಟು ಕೊಡುತ್ತಿದ್ದಳು. ಒಳಗೆ ಮಲ್ಲಿಗೆಯೋ ಹಲಸಿನ ಹಪ್ಪಳವೋ ಇರುತ್ತಿತ್ತು. "ಮುಲ್ಕಿಯಲ್ಲಿ ನಮ್ಮ ಅತ್ತಿಗೆ ನಿಂತಿರ್ತಾರೆ, ಕೊಟ್ಟುಬಿಡಿ" ಎನ್ನುವಳು. ಅವನು ಒಳಗೇನೆಂದು ಕೇಳುತ್ತಿರಲಿಲ್ಲ. ಕಿವಿಯ ಮೇಲಿನ ಪೆನ್ಸಿಲ್ ಸರಿಮಾಡಿಕೊಂಡು ರೈಟ್ ಎನ್ನುತ್ತಿದ್ದ. ಈ ಚಿತ್ರವನ್ನು ನಾನು ಎಷ್ಟೋ ಸಲ ಎಷ್ಟೋ ಜನರೆದುರು, ಆ ಕಾಲದ ನಂಬಿಕೆ ಎಂಥದ್ದು ನೋಡಿ ಎಂದು ವರ್ಣಿಸಿದ್ದೇನೆ. ಒಮ್ಮೆ ಅಕ್ಕ ಕೇಳಿಸಿಕೊಂಡು, "ನಮ್ಮ ಮನೆಯೆದುರು ಬಸ್ಸು ಯಾವಾಗ ನಿಲ್ತಿತ್ತು? ಗಂಟು ಹೋಗ್ತಿದ್ದದ್ದು ಮೀನಿನವರ ಸೈಕಲ್ಲಿನಲ್ಲಿ. ಮಲ್ಲಿಗೆಗೆ ಬಂಗುಡೆ ವಾಸನೆ ಬರ್ತದೆ ಅಂತ ಅತ್ತೆ ಬೈತಿದ್ದದ್ದು ನೆನಪಿಲ್ವಾ?" ಎಂದಳು. ನನಗೆ ಪೆನ್ಸಿಲ್ಲಿನ ಬಣ್ಣ ಸಹ ನೆನಪಿದೆ. ಬಂಗುಡೆ ನೆನಪಿಲ್ಲ. ಇಂಥ ತಲೆಯನ್ನು ಕಾರ್ಯಾಗಾರಕ್ಕೆ ತಂದರೆ ನಾನೇ 'ಕೆಟ್ಟಿದೆ' ಎಂಬ ಕೆಂಪು ಚೀಟಿ ಅಂಟಿಸಿ ಬದಿಗಿಡುತ್ತಿದ್ದೆ.

ಇರಲಿ. ಇದು ಕೆಲವು ವರ್ಷಗಳ ಹಿಂದಿನ ಮಾತು. ಆ ವರ್ಷ ಶೈಲಾ ಬಸುರಿ. ಮೊದಲ ಹೆರಿಗೆ. ಬಾಣಂತನಕ್ಕೆ ಬರಬೇಕಿದ್ದ ಅತ್ತೆಗೆ, ಅಂದರೆ ಅವಳ ಅಮ್ಮನಿಗೆ, ವೀಸಾ ಯಾಕೋ ಆಗಲಿಲ್ಲ. ಶೈಲಾ ಅತ್ತಳು, ಮುಖ ತೊಳೆದಳು, ಆಮೇಲೆ ಒಂದೇ ಮಾತು ಹೇಳಿದಳು. "ಅಮ್ಮ ಬಾರದಿದ್ರೆ ಬೇಡ. ಅಮ್ಮ ಮಾಡಿದ ಲೇಹ್ಯ ಬರ್ಬೇಕು." ಶುಂಠಿ, ಹಿಪ್ಪಲಿ, ಬೆಲ್ಲ, ತುಪ್ಪ ಹಾಕಿ ಕಾಸುವ ಆ ಕರಿ ಮದ್ದನ್ನು ನೀವು ಬಲ್ಲಿರಿ. ಅದನ್ನು ಪುತ್ತೂರಿನಿಂದ ಹೆರಿಗೆಗೆ ಮೊದಲು ತರುವವರೊಬ್ಬರು ಬೇಕಿತ್ತು. ಕೊರಿಯರಿನವರು ಕೇಳಿಯೇ ಕೈಮುಗಿದರು. ನಾನು ಪರಿಚಯದವರನ್ನೆಲ್ಲ ಕೇಳಿದೆ. ಎಲ್ಲರೂ "ನೋಡ್ಬೇಕು" ಎಂದರು.

ಬೇರೆ ಗಂಡಂದಿರಾಗಿದ್ದರೆ ನಾಲ್ಕು ಮನೆಯ ಬಾಗಿಲು ತಟ್ಟುತ್ತಿದ್ದರು. ನಾನು ವೆಬ್‌ಸೈಟ್ ಮಾಡಲು ಕೂತೆ.

ಆಗ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯುತ್ತಿದ್ದೆ. ಅದರಲ್ಲಿ ವೆಬ್‌ಸೈಟ್ ಮಾಡಲು ದೊಡ್ಡ ಫ್ರೇಮ್‌ವರ್ಕುಗಳಿವೆ, ಅಂದರೆ ಸಿದ್ಧ ಚೌಕಟ್ಟುಗಳು. ಅವನ್ನು ಬಳಸುವುದೆಂದರೆ ಇಬ್ಬರಿಗೆ ಚಾ ಕೊಡಲು ಮದುವೆ ಹಾಲ್ ಹಿಡಿದ ಹಾಗೆ. ನಾನು ಆರಿಸಿದ್ದು ಒಂದು ಪುಟ್ಟ ಫ್ರೇಮ್‌ವರ್ಕು, ಸ್ಟೂಲಿನ ಮೇಲೆ ಸ್ಟೌ ಇಟ್ಟ ಹಾಗೆ. ಒಂದೇ ಫೈಲು, ಕೆಲವೇ ಸಾಲು. ಈ ವಿಳಾಸಕ್ಕೆ ಯಾರಾದರೂ ಬಂದರೆ ಈ ಕೆಲಸ ಮಾಡು ಎಂದು ಬರೆದು ಓಡಿಸಿದರೆ ಬ್ರೌಸರಿನಲ್ಲಿ ಪುಟ ತೆರೆದುಕೊಳ್ಳುತ್ತದೆ. ಮೊದಲ ಸಲ ಅದು ತೆರೆದಾಗ ನನಗೆ ಸಂತೋಷಕ್ಕಿಂತ ಸಂಶಯವೇ ಹೆಚ್ಚಾಯಿತು. ಇಷ್ಟು ಸುಲಭವಾಗಿ ಏನೂ ಆಗುವುದಿಲ್ಲ. ಎಲ್ಲೋ ಏನೋ ಮುಚ್ಚಿಟ್ಟಿದ್ದಾರೆ ಎಂದುಕೊಂಡು ಮತ್ತೆ ಮತ್ತೆ ಮುಚ್ಚಿ ತೆರೆದು ನೋಡಿದೆ.

ಪುಟದ ವಿಚಾರ ಸರಳ. ಊರಿಗೆ ಹೋಗುವವರು ತಮ್ಮ ಹೆಸರು, ಹೋಗುವ ದಿನ, ಬರುವ ದಿನ, ಪೆಟ್ಟಿಗೆಯಲ್ಲಿ ಎಷ್ಟು ಕೆಜಿ ಜಾಗ ಖಾಲಿ ಎಂದು ತುಂಬುವುದು. ಕಳಿಸುವವರು ನೋಡಿಕೊಳ್ಳುವುದು. ಇಲ್ಲಿನ ರಜೆಯ ದಿನವಾದ ಶುಕ್ರವಾರ ಬೆಳಗ್ಗೆ ಕೂತು ಮುಗಿಸಿ, ಶೈಲಾಳ ಫೋನಿಗೆ ವಿಳಾಸ ಕಳಿಸಿದೆ. ಅವಳ ಫೋನಿನಲ್ಲಿ ಏನೂ ತೆರೆಯಲಿಲ್ಲ.

"ಅದು ಸದ್ಯಕ್ಕೆ ನನ್ನ ಕಂಪ್ಯೂಟರಿನಲ್ಲಿ ಮಾತ್ರ ಕಾಣುವುದು" ಎಂದೆ.

"ಹಾಗಾದ್ರೆ ಲೇಹ್ಯ ಕೂಡ ನಿಮ್ಮ ಕಂಪ್ಯೂಟರಿಗೇ ಬರ್ತದಾ?" ಎಂದಳು.

ಜಗತ್ತಿಗೆ ಕಾಣಬೇಕಾದರೆ ಬೇರೆಲ್ಲೋ ಇರುವ ಯಂತ್ರಕ್ಕೆ ಅದನ್ನು ಏರಿಸಬೇಕು. ಪುಕ್ಕಟೆಯಾಗಿ ಜಾಗ ಕೊಡುವ ಒಂದು ಸೇವೆ ಹುಡುಕಿದೆ. ಪುಕ್ಕಟೆ ಕೊಡುವವನಿಗೆ ಏನು ಲಾಭ ಎಂದು ಅವರ ನಿಯಮಗಳನ್ನೆಲ್ಲ ಓದಿದೆ, ಅರ್ಥವಾಗಲಿಲ್ಲ, ಒಪ್ಪಿದೆ ಎಂದು ಒತ್ತಿದೆ. ಪ್ರೋಗ್ರಾಮಿಗೆ ಬೇಕಾದ ಯಾವುದೋ ಒಂದು ಲೈಬ್ರರಿಯ ಹೆಸರು ಬರೆಯಲು ಮರೆತಿದ್ದರಿಂದ ಎರಡು ವಾರಾಂತ್ಯ ಅದು ಏರಲೇ ಇಲ್ಲ. ನನ್ನ ಯಂತ್ರದಲ್ಲಿ ಸರಿಯಾಗಿ ಓಡುವುದು ಅಲ್ಲಿ ಮುಗ್ಗರಿಸುತ್ತಿತ್ತು. ನಮ್ಮಲ್ಲಿ ಅನೇಕರು ವಿದೇಶಕ್ಕೆ ಬಂದ ಹೊಸತರಲ್ಲಿ ಹೀಗೇ ಇದ್ದೆವು. ಕೊನೆಗೊಮ್ಮೆ ಏರಿತು. ಆ ಸೇವೆಯವರು ಪುಟಕ್ಕೆ ತಾವೇ ಒಂದು ಹೆಸರಿಟ್ಟರು. ಹಿಮ ಬಿದ್ದ ಹುಲ್ಲುಗಾವಲು ಎಂಬ ಅರ್ಥದ ಎರಡು ಇಂಗ್ಲಿಷ್ ಪದಗಳು. ಹೊರಗೆ ಖೋಬರಿನ ಬೇಸಿಗೆ ಬಾಗಿಲಿನ ಹಿಡಿಯನ್ನೇ ಮುಟ್ಟಗೊಡುತ್ತಿರಲಿಲ್ಲ.

ವಿಳಾಸವನ್ನು ನಮ್ಮವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಮೊದಲ ಉತ್ತರ ಬಂದದ್ದು ಗೆಳೆಯ ವಿಲ್ಲಿಯಿಂದ. ಕಿನ್ನಿಗೋಳಿಯವನು, ಯಾವುದನ್ನೂ ಮೆಚ್ಚದವನು. "ಇದನ್ನು ಈ ಗುಂಪಿನಲ್ಲೇ ಬರೆದರೆ ಆಗ್ತಿರ್ಲಿಲ್ವಾ?" ಎಂದು ಕೇಳಿದ. ಅದಕ್ಕೆ ನನ್ನಲ್ಲಿ ಆಗಲೂ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಮತ್ತೆ ಶುರುವಾಯಿತು ನೋಡಿ. "ಇದನ್ನು ನನ್ನ ಕಫೀಲ್ ನೋಡಬಹುದಾ?" ಎಂದು ಒಬ್ಬರು. ಕಫೀಲ್ ಎಂದರೆ ನಮ್ಮ ಕೆಲಸದ ಧಣಿ. ರಜೆ ಮಂಜೂರಾಗುವ ಮೊದಲೇ ಟಿಕೆಟ್ ತೆಗೆದವರಿಗೆ ಆ ಭಯ. "ಊರಲ್ಲಿ ಕಳ್ಳರು ನೋಡಿದ್ರೆ?" ಎಂದು ಇನ್ನೊಬ್ಬರು. ಪುಕ್ಕಟೆ ಯಂತ್ರವಾದ್ದರಿಂದ ಯಾರೂ ಬಾರದಿದ್ದರೆ ಅದು ನಿದ್ದೆ ಹೋಗುತ್ತಿತ್ತು, ಬಂದವರು ಅದು ಏಳುವ ತನಕ ಕಾಯಬೇಕಿತ್ತು. "ಅಷ್ಟು ಹೊತ್ತು ಅದು ಎಂತ ಮಾಡ್ತದೆ? ನಮ್ಮ ಫೋನ್ ತಡಕಾಡ್ತದಾ?" ಎಂದು ಮತ್ತೊಬ್ಬರು. ನನಗೆ ನಗು ಬರಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ.

ಎಲ್ಲರೂ ಬಂದು ನೋಡುತ್ತಿದ್ದರು. ಯಾರೂ ತುಂಬುತ್ತಿರಲಿಲ್ಲ. ಪುಟದಲ್ಲಿ ಇದ್ದದ್ದು ಮೂರೇ ಹೆಸರು, ಮೂರೂ ಸುಳ್ಳು. ಪುಟ ಸರಿಯಾಗಿ ಕಾಣುತ್ತದೆಯೇ ಎಂದು ಪರೀಕ್ಷಿಸಲು ನಾನೇ ಹಾಕಿದ್ದವು. ಎ ಫಾರ್ ಅಬ್ಬಾಸ್, ಬಿ ಫಾರ್ ಬಾಲಕೃಷ್ಣ, ಸಿ ಫಾರ್ ಚಾರ್ಲ್ಸ್. ಏರಿಸುವ ಮೊದಲು ಅಳಿಸಬೇಕಿತ್ತು. ಏರಿತಲ್ಲ ಎಂಬ ಸಂಭ್ರಮದಲ್ಲಿ ಉಳಿದುಬಿಟ್ಟವು. ನಮ್ಮ ಪರಿಚಯದಲ್ಲಿ ಬಾಲಕೃಷ್ಣ ಇರಲಿಲ್ಲ, ಚಾರ್ಲ್ಸ್ ಇರಲಿಲ್ಲ. ಅಬ್ಬಾಸ್ ಒಬ್ಬರಿದ್ದರು, ಮೇಲಿನ ಮಹಡಿಯಲ್ಲಿ.

ಅಬ್ಬಾಸ್, ಮುಂದಿನ ಗುರುವಾರ, ದಮ್ಮಾಮಿನಿಂದ ಮಂಗಳೂರು, ಹತ್ತು ಕೆಜಿ ಖಾಲಿ.

ಭಾನುವಾರ ಸಂಜೆ ಕೆಲಸದಿಂದ ಬಂದು ಬೂಟು ಬಿಚ್ಚುತ್ತಿದ್ದೆ. ಬಾಗಿಲು ಬಡಿದ ರೀತಿಯಲ್ಲೇ ಏನೋ ಆಗಿದೆಯೆಂದು ತಿಳಿಯಿತು. ಅಬ್ಬಾಸಾಕ ನಿಂತಿದ್ದರು. ಒಂದು ಕೈಯಲ್ಲಿ ಯಾರದೋ ಗೊಂಬೆ, ಇನ್ನೊಂದು ಕೈಯಲ್ಲಿ ಯಾರದೋ ಮಿಕ್ಸಿ ಜಾರು.

"ಶೆಟ್ರೆ, ನಾನು ನಿಮಗೆ ಎಂತ ಅನ್ಯಾಯ ಮಾಡಿದ್ದೇನೆ?"

"ಎಂತ ಆಯ್ತು ಅಬ್ಬಾಸಾಕ?"

"ಮಧ್ಯಾಹ್ನದಿಂದ ಮನೆಗೆ ಜನ. ಹತ್ತು ಕೆಜಿ ಖಾಲಿ ಉಂಟಂತೆ ನನ್ನಲ್ಲಿ! ಎಲ್ಲಿ ಉಂಟು ಮಾರಾಯ್ರೆ ಹತ್ತು ಕೆಜಿ? ಎರಡು ಕೆಜಿ ಕೂಡ ಇಲ್ಲ, ನಾನೇ ತೂಗಿ ನೋಡಿದ್ದೇನೆ!"

ನಾನು ಅವರ ಮುಖ ನೋಡಿದೆ. ಬಾಯಿ ಜಾರಿತೆಂದು ಅವರಿಗೂ ಗೊತ್ತಾಯಿತು. ಆ ಕ್ಷಣದವರೆಗೆ ಅವರು ಊರಿಗೆ ಹೋಗುವ ವಿಷಯ ನನಗೆ ತಿಳಿದಿರಲಿಲ್ಲ. ಅಥವಾ ತಿಳಿದಿರಲಿಲ್ಲವೆಂದು ನಾನು ನಂಬಿದ್ದೆ.

"ನೀವು ಗುರುವಾರ ನಿಜವಾಗಿ ಹೋಗ್ತೀರಾ?"

"ನಾಟಕ ಬೇಡ ಶೆಟ್ರೆ. ನನ್ನ ಹೆಂಡತಿಗೆ ಸಹ ಹೇಳ್ಲಿಲ್ಲ ನಾನು, ಊರಿಗೆ ಹೋಗಿ ಎದುರು ನಿಲ್ಲುವ ಅಂತಿದ್ದೆ. ನಿಮಗೆ ಯಾರು ಹೇಳಿದ್ದು?"

"ಯಾರೂ ಇಲ್ಲ. ಅದು ಸುಮ್ಮನೆ ಪರೀಕ್ಷೆಗೆ ಹಾಕಿದ ಹೆಸರು. ಎ, ಬಿ, ಸಿ ಅಂತ."

"ಎ ಫಾರ್ ಅಶೋಕ ಇಲ್ವಾ? ಎ ಫಾರ್ ಆನಂದ ಇಲ್ವಾ? ನಿಮ್ಮ ಹೆಸರೇ ಅನಂತ ಅಲ್ವಾ ಮಾರಾಯ್ರೆ? ಎದುರಿಗಿದ್ದ ಎ ಬಿಟ್ಟು ಮೇಲಿನ ಮಾಳಿಗೆಯ ಎ ಯಾಕೆ ಬೇಕಾಯ್ತು ನಿಮಗೆ?"

ಅವರು ಗೊಂಬೆಯನ್ನು ನಮ್ಮ ಮೇಜಿನ ಮೇಲೆ ಕೂರಿಸಿ, ದನಿ ತಗ್ಗಿಸಿ ಹೇಳಿದರು. ಮಗಳಿಗೆ ಸಂಬಂಧ ನೋಡುತ್ತಿದ್ದಾರೆ. ಇನ್ನೂ ಮಾತು ಕೂಡಿಲ್ಲ. ಹಿಂದೊಮ್ಮೆ ಹೀಗೇ ಮೊದಲೇ ಸುದ್ದಿಯಾಗಿ ಕೂಡಿದ ಮಾತು ಮುರಿದಿತ್ತು. "ಅದಕ್ಕೇ ಯಾರಿಗೂ ಹೇಳ್ಲಿಲ್ಲ. ಈಗ ಖೋಬರಿಗೆಲ್ಲ ಗೊತ್ತು."

ಅವರೆದುರೇ ಆ ಹೆಸರನ್ನು ಅಳಿಸಿದೆ. ಹೋಯಿತು ಎಂದು ಫೋನಿನಲ್ಲಿ ತೋರಿಸಿದೆ. ಮರುದಿನ ಅಬ್ಬಾಸ್ ಎಂಬ ಹೆಸರು ಪುನಃ ಬಂದಿತ್ತು. ಅದೇ ಗುರುವಾರ, ಅದೇ ಹತ್ತು ಕೆಜಿ. ಮತ್ತೆ ಅಳಿಸಿದೆ. ಸಂಜೆಗೆ ಮತ್ತೆ ಹಾಜರು. ಲಿಫ್ಟಿನಲ್ಲಿ ಸಿಕ್ಕಿದ ಅಬ್ಬಾಸಾಕ ನನ್ನತ್ತ ನೋಡದೆ, "ಅಲ್ಲಾಹು ನೋಡ್ತಾನೆ" ಎಂದು ಲಿಫ್ಟಿನ ಕನ್ನಡಿಗೆ ಹೇಳಿದರು.

ಕಾರಣ ತಿಳಿಯಲು ನನಗೆ ಒಂದು ದಿನ ಹಿಡಿಯಿತು. ಆ ಪುಕ್ಕಟೆ ಯಂತ್ರ ನಿದ್ದೆ ಹೋಗಿ ಎದ್ದಾಗಲೆಲ್ಲ ನಡುವೆ ನಡೆದದ್ದನ್ನು ಪೂರ್ತಿ ಮರೆತು, ಮೊದಲ ದಿನ ನಾನು ಏರಿಸುವಾಗ ಏನಿತ್ತೋ ಅದನ್ನೇ ನೆನಪೆಂದು ಹಿಡಿದುಕೊಳ್ಳುತ್ತಿತ್ತು. ನಾನು ಅಳಿಸಿದ್ದನ್ನು ಮರೆಯಿತು. ಅಬ್ಬಾಸನನ್ನು ಮರೆಯಲಿಲ್ಲ. ಹಾಗಾದರೆ ಯಾರಾದರೂ ನಿಜವಾಗಿ ತಮ್ಮ ಹೆಸರು ತುಂಬಿದ್ದರೂ ಅದು ಮರೆತಿರಬೇಕಲ್ಲ? ವಿಲ್ಲಿಯನ್ನು ಕೇಳಿದೆ. "ನಾನು ಹಾಕಿದ್ದೆ ಮಾರಾಯ. ಮರುದಿನ ಇರ್ಲಿಲ್ಲ. ನಿನಗೆ ಇಷ್ಟ ಇಲ್ಲವೇನೋ ಅಂತ ಸುಮ್ಮನಾದೆ" ಎಂದ. ನಮ್ಮವರು ಗುಟ್ಟಿನವರು, ಯಾರೂ ತುಂಬುವುದಿಲ್ಲ ಎಂದು ನಾನು ಅಷ್ಟು ದಿನ ಶೈಲಾಳಿಗೆ ಉಪನ್ಯಾಸ ಕೊಟ್ಟಿದ್ದೆ. ಎಷ್ಟು ಜನ ತುಂಬಿದ್ದರೋ, ಎಷ್ಟು ಜನ ನನ್ನ ಮೇಲೆ ಬೇಸರಿಸಿಕೊಂಡು ಸುಮ್ಮನಾದರೋ ದೇವರಿಗೇ ಗೊತ್ತು. ಅಥವಾ ವಿಲ್ಲಿ ಸುಳ್ಳು ಹೇಳಿರಬಹುದು. ಅವನು ಹೇಳುವಾಗ ನಗುತ್ತಿದ್ದ. ಅವನು ಯಾವಾಗಲೂ ನಗುತ್ತಿರುತ್ತಾನೆ.

ಮಂಗಳವಾರ ಇಡೀ ವೆಬ್‌ಸೈಟನ್ನೇ ಕೆಳಗಿಳಿಸಿದೆ.

ಬುಧವಾರ ಶೈಲಾ ತನ್ನ ದೊಡ್ಡ ಹೊಟ್ಟೆ ಹೊತ್ತು ಮೇಲಿನ ಮಹಡಿಗೆ ಹೊರಟಳು. ನಾನು ತಡೆದೆ. "ಆ ಮನುಷ್ಯ ನನ್ನ ಮುಖ ನೋಡುವುದಿಲ್ಲ ಈಗ."

"ನಿಮ್ಮ ಮುಖ ತೋರಿಸ್ಲಿಕ್ಕೆ ಯಾರು ಹೇಳಿದ್ದು? ನಾನು ನನ್ನ ಮುಖ ತೋರಿಸ್ತೇನೆ" ಎಂದಳು. ಆದರೂ ಹಿಂದೆ ಹೋದೆ.

ಅಬ್ಬಾಸಾಕ ಪೆಟ್ಟಿಗೆಗೆ ನೈಲಾನ್ ಹಗ್ಗ ಬಿಗಿಯುತ್ತಿದ್ದರು. ಬದಿಯಲ್ಲಿ ಊರವರ ಪೊಟ್ಟಣಗಳ ಗುಡ್ಡೆ. ಶೈಲಾಳನ್ನು ಕಂಡು ಎದ್ದು ಕುರ್ಚಿ ಕೊಟ್ಟರು. ನನಗೆ ಕೊಡಲಿಲ್ಲ.

"ಅಬ್ಬಾಸಾಕ, ನನಗೆ ಕಳಿಸ್ಲಿಕ್ಕೆ ಎಂತದೂ ಇಲ್ಲ. ಬರುವಾಗ ಒಂದು ಉಂಟು. ಅಮ್ಮನ ಮನೆಯಿಂದ ಬಾಣಂತಿ ಮದ್ದು."

ಅವರ ಮುಖ ಸಡಿಲವಾಯಿತು. ಮರುಕ್ಷಣ ಮತ್ತೆ ಬಿಗಿಯಿತು. "ಲೇಹ್ಯವಾ? ಕರಿ ಕರಿ ಇರ್ತದಲ್ಲ, ಅದಾ? ಎಂತೆಂತ ಹಾಕ್ತಾರೆ ಅದಕ್ಕೆ?"

ಶೈಲಾ ನನ್ನನ್ನು ನೋಡಿದಳು. ನಾನು ಶೈಲಾಳನ್ನು ನೋಡಿದೆ.

"ನಿಮಗೇ ಗೊತ್ತಿಲ್ಲದ್ದನ್ನು ನಾನು ಕಸ್ಟಮ್ಸಿನಲ್ಲಿ ಹೊರ್ಬೇಕಾ? ಫೋನ್ ಮಾಡಿ, ಕೇಳಿ."

ಅಲ್ಲಿಂದಲೇ ಪುತ್ತೂರಿಗೆ ಫೋನು ಹೋಯಿತು. ಅತ್ತೆ ಉತ್ಸಾಹದಿಂದ ಒಂದೊಂದೇ ಹೇಳುತ್ತಾ ಬಂದರು. ಶುಂಠಿ, ಕಾಳುಮೆಣಸು, ಹಿಪ್ಪಲಿ, ಜೀರಿಗೆ, ಬೆಲ್ಲ.

"ಅಮ್ಮ, ಗಸಗಸೆ ಹಾಕ್ತೀಯಾ?"

"ಹಾಕದೆ ಎಂತ? ಗಸಗಸೆ ಇಲ್ಲದ್ರೆ ಬಾಣಂತಿಗೆ ನಿದ್ದೆ ಬೀಳ್ತದಾ? ಒಂದು ಹಿಡಿ ಹಾಕ್ತೇನೆ."

ಶೈಲಾ ಮೆಲ್ಲನೆ ಫೋನ್ ಇಟ್ಟಳು. ನಮಗೆ ಪಾಯಸದ ವಸ್ತುವಾದ ಗಸಗಸೆ ಈ ದೇಶದ ಕಾನೂನಿನಲ್ಲಿ ಅಫೀಮಿನ ಬೀಜ. ಒಂದು ಪೊಟ್ಟಣ ಗಸಗಸೆ ತಂದು ಜೈಲಿಗೆ ಹೋದವನ ಕಥೆ ಇಲ್ಲಿರುವ ನಮ್ಮವರಿಗೆಲ್ಲ ಗೊತ್ತು. ಯಾರ ಭಾವನೋ, ಯಾರ ಊರಿನವನೋ, ಹೆಸರು ಮಾತ್ರ ಒಬ್ಬೊಬ್ಬರ ಬಾಯಲ್ಲಿ ಒಂದೊಂದು.

ಅಬ್ಬಾಸಾಕ ಹಗ್ಗ ಕೆಳಗಿಟ್ಟರು. "ನೋಡಿ ಶೆಟ್ರೆ. ಮೊದಲು ನೆಟ್ಟಿನಲ್ಲಿ ಹೆಸರು ಹಾಕಿದ್ರಿ. ಈಗ ಜೈಲಿಗೆ ಹಾಕ್ಲಿಕ್ಕೆ ನೋಡ್ತೀರಿ."

"ಅಮ್ಮ ಗಸಗಸೆ ಹಾಕದೆ ಮಾಡ್ತಾಳೆ" ಎಂದಳು ಶೈಲಾ. "ಪ್ರಮಾಣ ಮಾಡಿಸ್ತೇನೆ."

"ಪ್ರಮಾಣ ಎಲ್ಲ ಬೇಡಮ್ಮ. ಅಮ್ಮಂದಿರು ಮಗಳಿಗೆ ಒಳ್ಳೇದಾಗ್ಲಿ ಅಂತ ಸ್ವಲ್ಪ ಹಾಕಿಯೇ ಹಾಕ್ತಾರೆ, ಮತ್ತೆ ಹಾಕ್ಲಿಲ್ಲ ಅಂತ ಹೇಳ್ತಾರೆ. ನನ್ನ ಉಮ್ಮ ಹಾಗೇ ಮಾಡುದು." ಹಗ್ಗವನ್ನು ಮತ್ತೆ ಎತ್ತಿಕೊಂಡರು. "ವಿಳಾಸ ಬರೆದು ಕೊಡಿ" ಎಂದರು. ತರುತ್ತೇನೆ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ.

ಅವರು ಹೋದ ಮೇಲೆ ಎರಡು ವಾರ ಸುದ್ದಿಯಿಲ್ಲ. ಶೈಲಾಗೆ ದಿನ ಹತ್ತಿರವಾಗುತ್ತಿತ್ತು. ಅವರು ಪುತ್ತೂರಿಗೆ ಹೋಗುವುದಿಲ್ಲ ಎಂದು ನಾನು ಹೇಳುತ್ತಿದ್ದೆ, ಹೋಗುತ್ತಾರೆ ಎಂದು ಅವಳು. ಒಂದು ಶನಿವಾರ ಅತ್ತೆಯ ಫೋನು ಬಂತು. ಸ್ಪೀಕರಿನಲ್ಲಿ ಹಾಕಿಕೊಂಡು ಕೇಳಿದೆವು.

"ಎಂತ ಜನ ಮಾರಾಯ್ತಿ ಇವರು! ಬೆಳಿಗ್ಗೆ ಬಂದವರು ಅಡಿಗೆಮನೆ ಬಾಗಿಲಿಗೆ ಸ್ಟೂಲ್ ಹಾಕಿ ಕೂತ್ರು. ಮದ್ದು ನನ್ನ ಎದುರೇ ಮಾಡಿ ಅಂದ್ರು. ಒಂದೊಂದು ಡಬ್ಬಿ ಮೂಸಿ ನೋಡಿದ್ರು. ಗಸಗಸೆ ಡಬ್ಬಿಯನ್ನು ಅಂಗಳಕ್ಕೆ ಕಳಿಸಿದ್ರು. ಕಡಾಯಿ ಎರಡು ಸಲ ತೊಳೆಸಿದ್ರು. ಊಟಕ್ಕೆ ಏಳಿ ಅಂದ್ರೆ ಏಳ್ಲಿಕ್ಕಿಲ್ಲ, ಬಟ್ಟಲು ಕೈಯಲ್ಲೇ ಹಿಡ್ಕೊಂಡು ಕಡಾಯಿ ನೋಡ್ತಾ ಉಂಡ್ರು. ಬಾಟ್ಲಿಗೆ ತುಂಬಿಸಿದ ಮೇಲೆ ಕೈಯಿಂದ ಕೆಳಗೆ ಇಡ್ಲಿಲ್ಲ. ಹೋಗುವಾಗ, 'ಅಮ್ಮ, ಬೇಜಾರು ಮಾಡ್ಬೇಡಿ, ನಿಮ್ಮ ಅಳಿಯನ ಸಹವಾಸದಿಂದ ನನಗೆ ಹೀಗೆ ಆದದ್ದು' ಅಂದ್ರು."

ಅವರು ಮರಳಿದ್ದು ಹೆರಿಗೆಗೆ ತುಸು ಮೊದಲು. ವಿಮಾನ ನಿಲ್ದಾಣದಿಂದ ನೇರ ನಮ್ಮ ಮನೆಗೇ ಬಂದರು. ಬಾಟಲಿಯ ಮುಚ್ಚಳ ತೆರೆದು ನೋಡಿದೆ. ಮೇಲಿನಿಂದ ಒಂದು ದೊಡ್ಡ ತುತ್ತಿನಷ್ಟು ಇರಲಿಲ್ಲ.

"ಸಂಶಯ ಬೇಡ, ನಾನೇ ತಿಂದದ್ದು" ಎಂದರು. "ಕಸ್ಟಮ್ಸಿನವನು ಏಶ್ ಹಾದಾ, ಏಶ್ ಹಾದಾ ಅಂತ ಕೇಳ್ತಾನೆ, ಇದೆಂತದ್ದು ಅಂತ. ಬಾಣಂತಿ ಅಂತ ಅರಬಿಯಲ್ಲಿ ಹೇಗೆ ಹೇಳುದು? ಹೊಟ್ಟೆ ತೋರಿಸಿ, 'ಬೇಬಿ, ಬೇಬಿ' ಅಂದೆ. ಅವ ನನ್ನ ಹೊಟ್ಟೆ ನೋಡಿದ. ಹಾಗಾದ್ರೆ ನೀನೇ ತಿನ್ನು ಅಂದ. ತಿಂದೆ. ಶುಂಠಿ ಖಾರ ಮಾರಾಯ್ರೆ, ಕಣ್ಣಲ್ಲಿ ಮೂಗಲ್ಲಿ ನೀರು! ಅವ ನಕ್ಕು ಯಲ್ಲಾ, ಯಲ್ಲಾ, ಹೋಗು ಅಂದ."

ಶೈಲಾ ನಗುತ್ತಾ ಅಳುತ್ತಿದ್ದಳು. ಬಾಟಲಿಯನ್ನು ಎದೆಗೊತ್ತಿಕೊಂಡು ಒಳಗೆ ಹೋದಳು. ಮಗಳ ಸಂಬಂಧದ ಬಗ್ಗೆ ಕೇಳಲೋ ಬೇಡವೋ ಎಂದು ನಾನು ಅನುಮಾನಿಸುತ್ತಿರುವಾಗ ಅವರೇ ಒಂದು ಸಿಹಿಯ ಪೊಟ್ಟಣ ಮೇಜಿನ ಮೇಲಿಟ್ಟರು. ಮಾತು ಕೂಡಿತ್ತು. ಬಾಗಿಲ ಬಳಿ ನಿಂತು ಚಪ್ಪಲಿ ಮೆಟ್ಟಿ ತಿರುಗಿದರು.

"ಶೆಟ್ರೆ, ಆ ಮದ್ದಿಗೆ ಎಂತೆಂತ ಬಿತ್ತು ಅಂತ ನಾನು ಮೊದಲಿಂದ ಕೊನೆ ತನಕ ಕಣ್ಣಾರೆ ನೋಡಿದ್ದೇನೆ. ಈಗ ನೀವು ಹೇಳಿ. ನಿಮ್ಮ ತಲೆಗೆ ನನ್ನ ಹೆಸರು ಎಲ್ಲಿಂದ ಬಿತ್ತು?"

"ನಿಜವಾಗಿ ಗೊತ್ತಿಲ್ಲ ಅಬ್ಬಾಸಾಕ."

"ಸರಿ. ಹೇಳ್ಬೇಡಿ" ಎಂದು ಹೋದರು.

ಆ ಪ್ರಶ್ನೆ ಮಾತ್ರ ಹೋಗಲಿಲ್ಲ. ಆ ಲ್ಯಾಪ್‌ಟಾಪು ಸತ್ತಿದೆ, ಪುಕ್ಕಟೆ ಯಂತ್ರದಲ್ಲಿ ಏನೂ ಉಳಿದಿಲ್ಲ. ಹೆಸರು ಬರೆದ ದಿನ ಯಾವುದು, ಅದಕ್ಕೆ ಮೊದಲು ಲಿಫ್ಟಿನಲ್ಲಿ ಅವರ ಕೈಯಲ್ಲಿ ಖಾಲಿ ಪೆಟ್ಟಿಗೆ ಕಂಡಿದ್ದೆನೇ, ಅವರ ಕೂದಲಿನ ಬಣ್ಣ ಗಮನಿಸಿದ್ದೆನೇ, ಕಂಡು ಮರೆತು ಬೆರಳುಗಳು ಮಾತ್ರ ನೆನಪಿಟ್ಟುಕೊಂಡವೇ? ಒಂದೊಂದು ದಿನ ಖಾಲಿ ಪೆಟ್ಟಿಗೆ ಸ್ಪಷ್ಟವಾಗಿ ಕಾಣುತ್ತದೆ, ಕಂಡಕ್ಟರನ ಪೆನ್ಸಿಲ್ ಕಂಡಷ್ಟೇ ಸ್ಪಷ್ಟವಾಗಿ. ಅದಕ್ಕೇ ಅದನ್ನು ನಂಬುವುದಿಲ್ಲ. ನಿದ್ದೆಯಿಂದ ಎದ್ದು ಮೊದಲ ದಿನದ್ದನ್ನೇ ಹಿಡಿದುಕೊಳ್ಳುವ ಆ ಯಂತ್ರಕ್ಕೆ ನಾನು ಅಷ್ಟು ಬೈಯಬಾರದಿತ್ತು.

ಹಾಗಾಗಿ ಮೊನ್ನೆ ಆ ತಕ್ಕಡಿಯನ್ನೂ ರಿಬ್ಬನ್ನನ್ನೂ ಹಿಡಿದು ನಿಂತಾಗ ನನಗೆ ಆಸೆ ಹುಟ್ಟಿತು. ನಮ್ಮ ತಕ್ಕಡಿಗೆ ಅವರ ರಿಬ್ಬನ್ ಬಂದಿದೆ ಎಂದರೆ ಅವರು ಒಮ್ಮೆ ಅದನ್ನು ನಮ್ಮಿಂದ ಒಯ್ದಿದ್ದಾರೆ. ಊರಿಗೆ ಹೊರಟವನಲ್ಲದೆ ಬೇರೆ ಯಾರೂ ತಕ್ಕಡಿ ಒಯ್ಯುವುದಿಲ್ಲ. "ನಾನೇ ತೂಗಿ ನೋಡಿದ್ದೇನೆ" ಎಂದಿದ್ದರಲ್ಲ ಆ ದಿನ? ಯಾವುದರಲ್ಲಿ ತೂಗಿದ್ದು? ಇದರಲ್ಲೇ ಆದರೆ, ಅವರ ಹೆಸರು ನನ್ನ ತಲೆಗೆ ಬಿದ್ದದ್ದೂ ಇಲ್ಲಿಂದಲೇ.

ಮನೆ ಸಾಗಿಸಲು ಕೈಜೋಡಿಸಲೆಂದು ಅಬ್ಬಾಸಾಕ ಸಂಜೆ ಬಂದರು. ತಕ್ಕಡಿ ತೋರಿಸಿದೆ.

"ಈ ರಿಬ್ಬನ್ ನಿಮ್ಮದಲ್ವಾ?"

"ನನ್ನದೇ."

"ಯಾವಾಗ ಒಯ್ದದ್ದು ಇದನ್ನು? ಆ ವೆಬ್‌ಸೈಟಿನ ಗಲಾಟೆಗೆ ಮೊದಲಾ, ನಂತರವಾ?"

ಅವರು ತಕ್ಕಡಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಹಣೆ ತಿಕ್ಕಿದರು. ಅಷ್ಟು ವರ್ಷ ನನ್ನನ್ನು ಸಂಶಯಿಸಿದ ಮನುಷ್ಯನ ಮುಖದಲ್ಲಿ ಮೊದಲ ಸಲ ತನ್ನ ಮೇಲೆಯೇ ಒಂದು ಸಣ್ಣ ಸಂಶಯ ಹಾದುಹೋದದ್ದನ್ನು ಕಂಡೆ.

"ಅದು ನನಗೂ ನೆನಪಿಲ್ಲ ಮಾರಾಯ್ರೆ" ಎಂದರು. ಮತ್ತೆ ಒಮ್ಮೆ ಹಿಂದೆ ನೋಡಿ, ತಕ್ಕಡಿಯನ್ನು ಮೆಲ್ಲನೆ ಕಿಸೆಗೆ ಇಳಿಸಿದರು. "ಇದು ನನ್ನಲ್ಲಿರ್ಲಿ ನಾಲ್ಕು ದಿನ. ಮಗಳು ಬಸುರಿ, ಈಗ ಏಳು ತಿಂಗಳು. ಗುರುವಾರ ಹೋಗ್ತೇನೆ. ನಿಮಗೆ ಮಾತ್ರ ಹೇಳುದು. ಹೇಳದಿದ್ರೂ ನಿಮಗೆ ಗೊತ್ತಾಗ್ತದಲ್ಲ."

"ಯಾರು ಹೋಗುದು ಗುರುವಾರ?" ಎಂದು ಒಳಗಿನಿಂದ ಶೈಲಾ ಕೂಗಿದಳು.

"ಯಾರೂ ಇಲ್ಲ" ಎಂದೆ.

ನೀವು ಇದನ್ನು ಓದುವ ಹೊತ್ತಿಗೆ ಅವರು ಹೋಗಿ ಬಂದಾಗಿರುತ್ತದೆ, ಚಿಂತೆಯಿಲ್ಲ. ಅಲ್ಲದೆ ಅಬ್ಬಾಸ್ ಎನ್ನುವುದು ಅವರ ನಿಜವಾದ ಹೆಸರಲ್ಲ. ಗುಟ್ಟಿರಲಿ ಎಂದು ಎ ಇಂದ ಶುರುವಾಗುವ ಬೇರೊಂದು ಹೆಸರನ್ನು ಸುಮ್ಮನೆ ಇಟ್ಟಿದ್ದೇನೆ. ಈ ಹೆಸರು ನನ್ನ ತಲೆಗೆ ಎಲ್ಲಿಂದ ಬಿತ್ತೆಂದು ಮಾತ್ರ ಕೇಳಬೇಡಿ. ದಮ್ಮಾಮಿನಿಂದ ಯಾವುದಾದರೂ ಗುರುವಾರ ಯಾರಿಗೂ ಹೇಳದೆ ಊರಿಗೆ ಹೊರಟಿರುವ ನಿಜವಾದ ಅಬ್ಬಾಸ್ ಒಬ್ಬರಿದ್ದು, ಅವರ ಬಾಗಿಲಲ್ಲಿ ಈಗಾಗಲೇ ಯಾರೋ ಗೊಂಬೆ ಹಿಡಿದು ನಿಂತಿದ್ದರೆ, ನಾನು ನಿರಪರಾಧಿ ಎಂದೇ ನಂಬಿದ್ದೇನೆ.